ಗ್ಲೂಕೋಸ್ ಮೆದುಳಿಗೆ ಹೋಯ್ತು ಸರಿ, ಆಮೇಲೆ ಏನಾಯ್ತು?

ಪೆಟ್ ಸ್ಕ್ಯಾನ್‌ನಲ್ಲೇ ಗ್ಲೂಕೋಸ್ ಕಾಣುತ್ತಲ್ಲ, ಮತ್ತೆ ನೀವು ಎಂಆರ್‌ಐ ಯಂತ್ರದಲ್ಲಿ ಡ್ಯುಟೀರಿಯಂ ಇಮೇಜಿಂಗ್ (ಭಾರದ ಹೈಡ್ರೋಜನ್ ಸೇರಿಸಿದ ಗ್ಲೂಕೋಸ್‌ನ ಜಾಡು ಹಿಡಿಯೋದು) ಅಂತ ಇಟ್ಕೊಂಡು ಯಾಕೆ ಒದ್ದಾಡ್ತೀರಿ ಅಂತ ತುಂಬಾ ಜನ ಕೇಳ್ತಾರೆ. ಕಾಣುತ್ತೆ, ಇಲ್ಲ ಅನ್ನಲ್ಲ. ಆದ್ರೆ ಪೆಟ್‌ಗೆ ಕೊಡೋ ಎಫ್‌ಡಿಜಿ ಗ್ಲೂಕೋಸ್‌ನ ವಿಕಿರಣ ಸೂಸೋ ಒಂದು ನಕಲು ಅಷ್ಟೇ, ಜೀವಕೋಶದ ಒಳಗೆ ಹೋಗುತ್ತೆ, ಹೆಕ್ಸೊಕೈನೇಸ್ ಅನ್ನೋ ಕಿಣ್ವ ಅದಕ್ಕೊಂದು ಫಾಸ್ಫೇಟ್ ಅಂಟಿಸುತ್ತೆ, ಅಲ್ಲಿಗೆ ಸಿಕ್ಕಾಕೊಳ್ಳುತ್ತೆ. ಗೇಟಲ್ಲಿ ನಿಂತು ಎಷ್ಟು ಜನ ಒಳಗೆ ಹೋದ್ರು ಅಂತ ಎಣಿಸಿದ ಹಾಗೆ, ಒಳಗೆ ಹೋದವರು ಕೆಲಸ ಮಾಡಿದ್ರಾ ಸುಮ್ನೆ ಕೂತ್ರಾ ಅನ್ನೋದು ಗೊತ್ತಾಗಲ್ಲ.

ನಮಗೆ ಬೇಕಿರೋದೇ ಆ ಒಳಗಿನ ಲೆಕ್ಕ. ದೇಹದ ತೂಕದಲ್ಲಿ 2% ಇರೋ ಮೆದುಳು ಸುಮಾರು 20% ಆಕ್ಸಿಜನ್ ತಿನ್ನುತ್ತೆ, ಅದರಲ್ಲಿ ಹೆಚ್ಚುಕಮ್ಮಿ ಎಲ್ಲಾನೂ ಗ್ಲೂಕೋಸ್ ಉರಿಸೋಕೇ. ಗ್ಲೂಕೋಸ್ ಒಡೆದು ಪೈರುವೇಟ್ ಅನ್ನೋ ಸಣ್ಣ ಅಣು ಆದಮೇಲೆ ಒಂದೋ ಜೀವಕೋಶದ ಶಕ್ತಿಕೇಂದ್ರವಾದ ಮೈಟೊಕಾಂಡ್ರಿಯಾಕ್ಕೆ ಹೋಗ್ಬೇಕು, ಇಲ್ಲಾ ಲ್ಯಾಕ್ಟೇಟ್ ಆಗ್ಬೇಕು. ಮೈಟೊಕಾಂಡ್ರಿಯಾಕ್ಕೆ ಹೋಗಿದ್ರೆ ಅದರ ಗುರುತು ಗ್ಲುಟಮೇಟ್ ಅನ್ನೋ ಅಣುವಿನಲ್ಲಿ ಸಿಗುತ್ತೆ.

ಮೊದಲು ಇದಕ್ಕೆ ಕಾರ್ಬನ್-13 (ಸ್ವಲ್ಪ ಭಾರದ ಕಾರ್ಬನ್) ಸೇರಿಸಿದ ಗ್ಲೂಕೋಸ್ ಬಳಸ್ತಿದ್ರು, ಈಗಲೂ ವಿವರದ ವಿಷಯದಲ್ಲಿ ಅದನ್ನ ಮೀರಿಸೋದು ಕಷ್ಟ. ಆದ್ರೆ ರಕ್ತನಾಳಕ್ಕೆ ಡ್ರಿಪ್ ಹಾಕ್ಬೇಕು, ತುಂಬಾ ಹೊತ್ತು ಮಲಗಿಸ್ಬೇಕು, ಸಿಗ್ನಲ್ ಬಿಡಿಸೋಕೆ ಕೊಡೋ ರೇಡಿಯೋ ಪವರ್‌ನಿಂದ ತಲೆ ಬಿಸಿಯಾಗದ ಹಾಗೆ ನೋಡ್ಕೋಬೇಕು. 2018ರಲ್ಲಿ ಯೇಲ್ ವಿಶ್ವವಿದ್ಯಾಲಯದ ತಂಡ ಡ್ಯುಟೀರಿಯಂ ಇಮೇಜಿಂಗನ್ನ ಮನುಷ್ಯರ ಮೆದುಳಲ್ಲಿ ಮಾಡಿ ತೋರಿಸ್ತು, ಅಲ್ಲಿ ಡ್ಯುಟೀರಿಯಂ ಸೇರಿಸಿದ ಗ್ಲೂಕೋಸನ್ನ ನೀರಲ್ಲಿ ಕರಗಿಸಿ ಕುಡಿಸಿದ್ರೆ ಸಾಕು, ಗರಿಷ್ಠ 60 ಗ್ರಾಂ. ಡ್ಯುಟೀರಿಯಂ ಅಂದ್ರೆ ಭಾರದ ಹೈಡ್ರೋಜನ್, ವಿಕಿರಣ ಇಲ್ಲವೇ ಇಲ್ಲ.

ನನಗೆ ಇದರಲ್ಲಿ ತುಂಬಾ ಇಷ್ಟ ಆಗೋದು ಸ್ಪೆಕ್ಟ್ರಮ್, ಅಂದ್ರೆ ಒಂದೊಂದು ವಸ್ತುವಿಗೂ ಅದರದ್ದೇ ಜಾಗದಲ್ಲಿ ಪೀಕ್ ತೋರಿಸೋ ಗೆರೆಚಿತ್ರ, ಮೂಡೋ ರೀತಿ. ಕುಡಿಸೋ ಮುಂಚೆ ಸ್ಕ್ರೀನ್ ಮೇಲೆ ನೀರಿನ ಪೀಕ್ ಬಿಟ್ರೆ ಏನೂ ಇರಲ್ಲ ಅನ್ನಬಹುದು, ಯಾಕಂದ್ರೆ ಸಹಜವಾಗಿ ಇರೋ ಡ್ಯುಟೀರಿಯಂ 0.015% ಅಷ್ಟೇ. ಆಮೇಲೆ 3.8 ಪಿಪಿಎಂ (ಪೀಕ್ ಎಲ್ಲಿದೆ ಅಂತ ಹೇಳೋ ಅಳತೆ) ಹತ್ರ ಗ್ಲೂಕೋಸ್ ಏಳುತ್ತೆ, ಅದರ ಹಿಂದೆನೇ 2.4ರ ಹತ್ರ ಗ್ಲುಟಮೇಟ್ ಮತ್ತು ಗ್ಲುಟಮೈನ್ ಎರಡೂ ಸೇರಿದ ಪೀಕ್ ನಿಧಾನಕ್ಕೆ ಬೆಳೆಯುತ್ತೆ, ನೀರಿನ ಪೀಕೂ ಏರ್ತಾ ಹೋಗುತ್ತೆ, ಯಾಕಂದ್ರೆ ಗ್ಲೂಕೋಸ್ ಉರಿದಾಗ ಡ್ಯುಟೀರಿಯಂ ನೀರಿಗೂ ಸೇರ್ಕೊಳ್ಳುತ್ತೆ. ಗ್ಲಿಯೊಬ್ಲಾಸ್ಟೊಮಾ ಅನ್ನೋ ಮೆದುಳಿನ ಕ್ಯಾನ್ಸರ್ ಗಡ್ಡೆ ಇದ್ರೆ ಆ ಜಾಗದಲ್ಲಿ ಲ್ಯಾಕ್ಟೇಟ್ ಜಾಸ್ತಿ, ಗ್ಲುಟಮೇಟ್ ಕಮ್ಮಿ. ಆಕ್ಸಿಜನ್ ಇದ್ರೂ ಗಡ್ಡೆಗಳು ಲ್ಯಾಕ್ಟೇಟ್ ದಾರಿನೇ ಹಿಡೀತಾವೆ ಅಂತ ಜರ್ಮನ್ ವಿಜ್ಞಾನಿ ಓಟೊ ವಾರ್ಬರ್ಗ್ 1920ರ ದಶಕದಲ್ಲೇ ಗುರುತಿಸಿದ್ದು ಇದನ್ನೇ.

ಹಂಗಂತ ನಾಳೆನೇ ಇದು ಎಲ್ಲಾ ಕಡೆ ಬರುತ್ತೆ ಅನ್ಕೋಬೇಡಿ. ಡ್ಯುಟೀರಿಯಂ ಸಿಗ್ನಲ್ ತೀರಾ ವೀಕ್, ಚಿತ್ರದ ಒಂದೊಂದು ಚೌಕ ಎರಡು ಸೆಂಟಿಮೀಟರ್ ಅಗಲಕ್ಕೂ ಹೋಗುತ್ತೆ, ಮೇಲಿಂದ ಸಿಗ್ನಲ್ ಹಿಡಿಯೋಕೆ ಬೇರೆ ಕಾಯಿಲ್ (ಆಂಟೆನಾ) ಬೇಕು. ತಲೆಚರ್ಮದ ಕೊಬ್ಬಿನ ಸಿಗ್ನಲ್ ಸರಿಯಾಗಿ ಲ್ಯಾಕ್ಟೇಟ್ ಜಾಗಕ್ಕೇ ಬಂದು ಕೂರುತ್ತೆ, ಹಾಗಾಗಿ ಮೆದುಳಿನ ಅಂಚಲ್ಲಿ ಲ್ಯಾಕ್ಟೇಟ್ ಕಂಡ್ರೆ ನಾನು ಮೊದಲು ಕೊಬ್ಬಿನ ಮೇಲೇ ಅನುಮಾನ ಪಡ್ತೀನಿ. ಇನ್ನೊಂದು, ರಕ್ತದಲ್ಲಿ ಗುರುತು ಹಾಕಿದ ಗ್ಲೂಕೋಸ್ ಎಷ್ಟಿತ್ತು ಅಂತ ಆಗಾಗ ಅಳೆಯದೇ, ಒಂದೇ ಚಿತ್ರ ತೆಗೆದು ನಿಮಿಷಕ್ಕೆ ಇಷ್ಟು ಗ್ಲೂಕೋಸ್ ಖರ್ಚಾಗ್ತಿದೆ ಅಂತ ಯಾರಾದ್ರೂ ಬರೆದ್ರೆ ನಂಬೋಕೆ ನನಗೆ ಕಷ್ಟ, ಆ ಚಿತ್ರದಿಂದ ಈ ಜಾಗಕ್ಕೂ ಆ ಜಾಗಕ್ಕೂ ಹೋಲಿಸಬಹುದು ಅಷ್ಟೇ.