ಬೆಲೆ ಏರಿದರೂ ಬೆಳೆ ಏರದ ನಾಣ್ಯ

ಬೆಲೆಯಿಲ್ಲದ ವಸ್ತುವಿಗೆ ‘ಕವಡೆ ಕಾಸಿನ ಕಿಮ್ಮತ್ತಿಲ್ಲ’ ಎನ್ನುತ್ತೇವೆ. ಆದರೆ ಮಾಲ್ಡೀವ್ಸ್ ಕಡಲಿನ ಕವಡೆ ಬಂಗಾಳದಲ್ಲೂ ಪಶ್ಚಿಮ ಆಫ್ರಿಕಾದಲ್ಲೂ ಶತಮಾನಗಳ ಕಾಲ ಹಣವಾಗಿ ಚಲಾವಣೆಯಲ್ಲಿತ್ತು. ಆಫ್ರಿಕಾದಲ್ಲಿ ಅದನ್ನು ಕೆಡಿಸಿದ್ದು ಹಡಗು. 19ನೇ ಶತಮಾನದ ನಡುವೆ ಹ್ಯಾಂಬರ್ಗಿನ ವರ್ತಕರು ಜಾಂಜಿಬಾರಿನ ಅಗ್ಗದ ಕವಡೆಯನ್ನು ಪಶ್ಚಿಮ ಆಫ್ರಿಕಾಕ್ಕೆ ಟನ್ನುಗಟ್ಟಲೆ ತಂದು ಸುರಿದರು. ಜನ ಕೂಡಿಟ್ಟ ಹಣ ಇಟ್ಟಲ್ಲೇ ಕರಗಿತು. ಚಿನ್ನ ಗಟ್ಟಿ, ಆದರೆ ಪೂರ್ತಿ ಗಟ್ಟಿಯಲ್ಲ. ಕೋಲಾರದ ಗಣಿ 2001ರಲ್ಲಿ ಮುಚ್ಚಿದ್ದು ಚಿನ್ನ ಮುಗಿದು ಅಲ್ಲ. ಮೂರು ಕಿಲೋಮೀಟರಿಗೂ ಆಳದಿಂದ ಅದನ್ನು ಎತ್ತುವ ಖರ್ಚು ಗಿಟ್ಟುತ್ತಿರಲಿಲ್ಲ. ಬೆಲೆ ಏರಿದಂತೆ ಚಿನ್ನ ತೆಗೆದುಳಿದ ಮಣ್ಣಿನ ಅಲ್ಲಿನ ಸಯನೈಡ್ ದಿಬ್ಬಗಳನ್ನು ಮತ್ತೆ ಜಾಲಾಡುವ ಮಾತು ಎದ್ದಿದೆ. ಬೆಲೆ ಏರಿದರೆ ನಿನ್ನೆಯ ಮಣ್ಣೇ ಇಂದಿನ ಅದಿರು.

ಬಿಟ್‌ಕಾಯಿನ್ ಎಂಬ ಡಿಜಿಟಲ್ ನಾಣ್ಯದ ಮಾತು ಬಂದ ಕೂಡಲೇ ‘ಒಟ್ಟು 2.1 ಕೋಟಿ ಮಾತ್ರ’ ಎಂದು ಹೇಳಿ ನಿಲ್ಲಿಸುವುದು ನನಗೆ ಸಾಲದು. ಮಿತಿಯನ್ನು ಯಾರು ಬೇಕಾದರೂ ಬರೆದಿಡಬಹುದು. ಬೆಲೆ ಎಷ್ಟೇ ಏರಲಿ, ಎಷ್ಟೇ ಯಂತ್ರ ಹೂಡಲಿ, ನಾಣ್ಯ ಬೇಗ ಹುಟ್ಟದಂತೆ ತಡೆದಿರುವುದೇ ನಿಜವಾದ ಸೋಜಿಗ.

ಚೌಕಾಬಾರದ ಕವಡೆಗಳನ್ನೇ ತೆಗೆದುಕೊಳ್ಳಿ. ಹನ್ನೆರಡನ್ನು ಒಟ್ಟಿಗೆ ಎಸೆದು ಎಲ್ಲವೂ ಅಂಗಾತ ಬಿದ್ದರೆ ಗೆಲುವು ಎನ್ನೋಣ. ಎರಡೂ ಮಗ್ಗುಲಿಗೆ ಸಮಸಮ ಬೀಳುವ ಕವಡೆಯಾದರೆ ಸರಾಸರಿ 4096 ಎಸೆತಕ್ಕೊಂದು ಗೆಲುವು. ಆಡುವವರು ಇಮ್ಮಡಿಯಾದರೆ ಗೆಲುವು ಇಮ್ಮಡಿ ಬೇಗ ಬರುತ್ತದೆ. ಆಗ ಹದಿಮೂರನೇ ಕವಡೆ ಸೇರಿಸಿ: 8192 ಎಸೆತ ಬೇಕು, ವೇಗ ಮತ್ತೆ ಮೊದಲಿನಷ್ಟೇ. ವಹಿವಾಟುಗಳ ಕಟ್ಟನ್ನು (ಬ್ಲಾಕ್) ಲೆಕ್ಕಕ್ಕೆ ಸೇರಿಸಿ ಹೊಸ ನಾಣ್ಯ ಪಡೆಯುವ ಮೈನರ್‌ಗಳ ಯಂತ್ರಗಳು ಮಾಡುವುದು ಇಂಥ ಎಸೆತವನ್ನೇ. ಪ್ರತಿ ಎಸೆತಕ್ಕೆ ಬರುವ ಹ್ಯಾಶ್, ಅಂದರೆ ಮೊದಲೇ ಊಹಿಸಲಾಗದ ಸಂಖ್ಯೆ, ಒಂದು ಗುರಿಸಂಖ್ಯೆಗಿಂತ ಕೆಳಗಿರಬೇಕು. ಪ್ರತಿ 2016 ಬ್ಲಾಕ್‌ಗೊಮ್ಮೆ, ಅಂದರೆ ಸುಮಾರು ಎರಡು ವಾರಕ್ಕೊಮ್ಮೆ, ಜಾಲ ಹಿಂದಿರುಗಿ ನೋಡುತ್ತದೆ: ಬ್ಲಾಕ್‌ಗೆ ಹತ್ತು ನಿಮಿಷಕ್ಕಿಂತ ಕಡಿಮೆ ಹಿಡಿದಿದ್ದರೆ ಗುರಿ ಕೆಳಗಿಳಿದು ಗೆಲುವು ಕಷ್ಟವಾಗುತ್ತದೆ, ಹೆಚ್ಚು ಹಿಡಿದಿದ್ದರೆ ಮೇಲೇರಿ ಸುಲಭವಾಗುತ್ತದೆ. ಟ್ಯಾಂಕ್ ತುಂಬಿದಂತೆ ಕೊಳಾಯಿಯನ್ನು ತಾನೇ ಬಿಗಿಯುವ ತೇಲುಗುಂಡಿನ ಹಾಗೆ, ಆದರೆ ಇದನ್ನು ಕೈಯಿಂದ ಒತ್ತಿಹಿಡಿಯಲು ಯಾರಿಗೂ ಆಗದು. 2021ರಲ್ಲಿ ಚೀನಾ ಮೈನಿಂಗ್ ನಿಷೇಧಿಸಿದಾಗ ಅಪಾರ ಯಂತ್ರಗಳು ಒಮ್ಮೆಲೇ ಆರಿದವು, ಬ್ಲಾಕ್‌ಗಳು ನಿಧಾನವಾದವು. ಆ ಜುಲೈ 3ರಂದು ಗುರಿ ಮುಟ್ಟುವ ಕಠಿಣತೆ ಸುಮಾರು 28 ಶೇಕಡಾ ತಾನಾಗಿ ಇಳಿಯಿತು. ಸಭೆ ಸೇರಲಿಲ್ಲ, ಆದೇಶ ಹೊರಡಲಿಲ್ಲ.

2009ರಲ್ಲಿ ಬ್ಲಾಕ್‌ಗೆ 50 ಇದ್ದ ಹೊಸ ನಾಣ್ಯ 2,10,000 ಬ್ಲಾಕ್‌ಗೊಮ್ಮೆ ಅರ್ಧವಾಗುತ್ತ 2024ರ ಏಪ್ರಿಲ್‌ನಲ್ಲಿ 3.125ಕ್ಕೆ ಇಳಿಯಿತು, ದಿನಕ್ಕೆ ಸರಿಸುಮಾರು 450. ಮೈನರ್ ಇದಕ್ಕಿಂತ ಕಾಸು ಹೆಚ್ಚು ಬರೆದುಕೊಂಡರೂ ನಿಯಮ ತಾಳೆ ನೋಡುವ ಮನೆಮನೆಯ ಕಂಪ್ಯೂಟರ್‌ಗಳು, ಅಂದರೆ ನೋಡ್‌ಗಳು, ಆ ಬ್ಲಾಕನ್ನೇ ತಳ್ಳಿಹಾಕುತ್ತವೆ. ಹಾಗೆಂದು ಬೆಲೆ ಅಲುಗದು ಎಂದಲ್ಲ. ಪೂರೈಕೆ ಬಗ್ಗದಿರುವಾಗ ಬೇಡಿಕೆಯ ಏರಿಳಿತವೆಲ್ಲ ಬೆಲೆಯ ಮೇಲೇ ಬೀಳುತ್ತದೆ. 2021ರ ನವೆಂಬರ್‌ನಲ್ಲಿ 69,000 ಡಾಲರ್ ಹತ್ತಿರವಿದ್ದದ್ದು ಒಂದೇ ವರ್ಷದಲ್ಲಿ 16,000ದ ಕೆಳಗೆ ಬಂದಿತ್ತು. ಮಕ್ಕಳ ಫೀಸಿನ ದುಡ್ಡು ಇಲ್ಲಿಡಬೇಡಿ.

ಯಾರಿಗೂ ಬಗ್ಗದ ನಿಯಮ ನಿಮ್ಮ ತಪ್ಪಿಗೂ ಬಗ್ಗದು. 2014ರಲ್ಲಿ ಟೋಕಿಯೋದ ಮೌಂಟ್ ಗಾಕ್ಸ್ ಎಕ್ಸ್‌ಚೇಂಜ್, ಅಂದರೆ ಜನ ನಾಣ್ಯ ಕೊಂಡು ಮಾರಿ ಅಲ್ಲೇ ಇಡುತ್ತಿದ್ದ ಸಂಸ್ಥೆ, ಸುಮಾರು 8.5 ಲಕ್ಷ ಬಿಟ್‌ಕಾಯಿನ್ ಕಾಣೆಯಾಗಿವೆ ಎಂದಾಗ (2 ಲಕ್ಷ ಆಮೇಲೆ ಸಿಕ್ಕವು) ಜಾಲ ಒಂದು ವಹಿವಾಟನ್ನೂ ಹಿಂದಕ್ಕೆ ತಿರುಗಿಸಲಿಲ್ಲ. ಆದ್ದರಿಂದ ದೊಡ್ಡ ಮೊತ್ತವಾದರೆ ಸ್ವಂತ ಹಾರ್ಡ್‌ವೇರ್ ವ್ಯಾಲೆಟ್ (ನಾಣ್ಯದ ಗುಟ್ಟಿನ ಕೀಲಿ ಕಾಯುವ ಪುಟ್ಟ ಸಾಧನ) ಬೇಕು, ಅದನ್ನೂ ತಯಾರಕರಿಂದಲೇ ನೇರವಾಗಿ ಕೊಳ್ಳಬೇಕು. ಕೀಲಿಯ ಪದಗಳನ್ನು ಸಾಧನವೇ ಆರಿಸಿ ತೋರಿಸಬೇಕು, ಪೆಟ್ಟಿಗೆಯೊಳಗೆ ಅವನ್ನು ಮೊದಲೇ ಅಚ್ಚು ಹಾಕಿದ ಚೀಟಿ ಇದ್ದರೆ ಅದು ಬಲೆ.

ನಾಣ್ಯ ಆ ಸಾಧನದಲ್ಲಿಲ್ಲ. ಹಲವು ವ್ಯಾಲೆಟ್‌ಗಳಲ್ಲಿ ಅದನ್ನು ಖರ್ಚುಮಾಡುವ ಕೀಲಿ 12 ಪದಗಳಲ್ಲಿದೆ. 2048 ಪದಗಳ ಪಟ್ಟಿಯಲ್ಲಿ ಒಂದೊಂದು ಪದವೂ 11 ಬಿಟ್ (0 ಅಥವಾ 1ರ ಹನ್ನೊಂದು ಅಂಕೆ). ಒಟ್ಟು 132ರಲ್ಲಿ 128 ಯಾದೃಚ್ಛಿಕ, ಉಳಿದ 4 ತಪ್ಪು ಹಿಡಿಯಲು. ಬರೆಯುವಾಗ ಒಂದು ಪದದ ಜಾಗಕ್ಕೆ ಪಟ್ಟಿಯ ಬೇರೊಂದು ಪದ ಬಂದರೆ ಸರಾಸರಿ 16ರಲ್ಲಿ 15 ಸಲ ವ್ಯಾಲೆಟ್ ತಿರಸ್ಕರಿಸುತ್ತದೆ. ಉಳಿದ ಒಂದು ಸಲ ಬೇರೊಂದು ಖಾಲಿ ವ್ಯಾಲೆಟ್ ತೆರೆದುಕೊಳ್ಳುತ್ತದೆ, ಜನ ಹಣ ಕಳವಾಯಿತೆಂದು ಗಾಬರಿಯಾಗುತ್ತಾರೆ. ಪದಗಳನ್ನು ನೀವೇ ಆರಿಸಬೇಡಿ, ಮನುಷ್ಯನ ಆಯ್ಕೆ ಊಹೆಗೆ ಸಿಗುತ್ತದೆ. ಕಾಗದದ ಮೇಲೆ ಕೈಯಾರೆ ಬರೆದು ಎರಡು ಕಡೆ ಇಡಿ. ಫೋಟೋ ತೆಗೆದರೆ ಫೋನು ಅದನ್ನು ಕ್ಲೌಡಿಗೆ ಏರಿಸಿಬಿಡಬಹುದು. ಮೊದಲು ಚಿಲ್ಲರೆ ಮೊತ್ತ ಕಳಿಸಿ, ಸಾಧನವನ್ನು ಪೂರ್ತಿ ಅಳಿಸಿ, ಕಾಗದ ನೋಡಿ ಮರುಸ್ಥಾಪಿಸಿ. ಅದೇ ವಿಳಾಸ (ನಾಣ್ಯ ಪಡೆಯಲು ಕೊಡುವ, ಖಾತೆಸಂಖ್ಯೆಯಂಥ ಅಕ್ಷರಸಾಲು), ಅದೇ ಮೊತ್ತ ಕಂಡರೆ ಮಾತ್ರ ಉಳಿದದ್ದು ಕಳಿಸಿ.

ವಿಳಾಸವನ್ನು ಕಾಪಿ ಮಾಡುವಾಗ ಬದಲಿಸಿಬಿಡುವ ಮಾಲ್‌ವೇರ್ ಇದೆ, ಹಾಗಾಗಿ ಸಾಧನದ ಪರದೆಯ ಮೇಲೆ ಇಡೀ ವಿಳಾಸ ತಾಳೆ ನೋಡಿ, ಮೊದಲಿನ ಮತ್ತು ಕೊನೆಯ ನಾಲ್ಕಕ್ಷರ ಸಾಲದು. ಭಾರತದಲ್ಲಿ 2022ರಿಂದ ಲಾಭಕ್ಕೆ 30 ಶೇಕಡಾ ತೆರಿಗೆ, ನಷ್ಟವನ್ನು ಬೇರೆ ಆದಾಯಕ್ಕೆ ಹೊಂದಿಸಲಾಗದು. ಕೊಂಡ ದಿನಾಂಕ, ಬೆಲೆ ಬರೆದಿಡಿ.

ನಾಣ್ಯ ಕಳಿಸುವಾಗ ಮೈನರ್‌ಗೆ ಕೊಡುವ ಶುಲ್ಕ ಮೊತ್ತಕ್ಕಲ್ಲ, ವಹಿವಾಟಿನ ಬೈಟ್ ಗಾತ್ರಕ್ಕೆ. ದಟ್ಟಣೆಯಿರುವಾಗ ಕಡಿಮೆ ಕೊಟ್ಟರೆ ವಹಿವಾಟು ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಕಾಯುತ್ತದೆ. ಅದು ಕಳೆದುಹೋದದ್ದಲ್ಲ, ಹಲವು ವ್ಯಾಲೆಟ್‌ಗಳಲ್ಲಿ ಶುಲ್ಕ ಏರಿಸಿ ಮತ್ತೆ ಕಳಿಸುವ ಅವಕಾಶವಿದೆ. ಸಿಕ್ಕಿಬಿದ್ದದ್ದನ್ನು ಬಿಡಿಸಿಕೊಡುತ್ತೇವೆಂದು ಟೆಲಿಗ್ರಾಂನಲ್ಲಿ ಬರುವವರು ಕೊನೆಗೆ ಕೇಳುವುದು ಆ 12 ಪದಗಳನ್ನೇ.