ಉರಿ ಪಾದದ್ದಲ್ಲ, ನರದ್ದು

ರಾತ್ರಿ ಹೊದಿಕೆ ಸೋಕಿದರೂ ಸಾಕು, ಅತ್ತೆಗೆ ಪಾದ ಧಗಧಗ. ಎದ್ದು ಹೋಗಿ ನಡುಮನೆಯ ಕೆಂಪು ಗಾರೆ ನೆಲಕ್ಕೆ ಅಂಗಾಲು ಊರಿ ಕೂರುತ್ತಿದ್ದರು. ಮುಟ್ಟಿದರೆ ಪಾದ ತಣ್ಣಗೇ ಇರುತ್ತಿತ್ತು. "ಒಳಗೆ ಕೆಂಡ ಇಟ್ಟ ಹಾಗಿದೆ ಕಣೋ" ಅನ್ನುತ್ತಿದ್ದರು. ಹದಿನೈದು ವರ್ಷದ ಶುಗರ್ ಅವರದು.

ಪಾದದಲ್ಲಿ ಗಾಯವಿಲ್ಲ, ಊತವಿಲ್ಲ. ಕೆಟ್ಟಿರುವುದು ಸುದ್ದಿ ಒಯ್ಯುವ ನರ. ಸೊಂಟದ ಹತ್ತಿರದಿಂದ ಹೆಬ್ಬೆರಳಿನ ತನಕ ಅದರ ಎಳೆ ಸುಮಾರು 1 ಮೀಟರ್ ಉದ್ದ. ವರ್ಷಗಟ್ಟಲೆ ಸಕ್ಕರೆ ಜಾಸ್ತಿ ಇದ್ದರೆ ಈ ಎಳೆಯೂ ಹಾಳು, ಅದನ್ನು ಸಾಕುವ ಸಣ್ಣ ರಕ್ತನಾಳಗಳೂ ಹಾಳು. ಉದ್ದದ ಎಳೆಯೇ ಮೊದಲು ಸೋಲುತ್ತದೆ. ಅದಕ್ಕೇ ತೊಂದರೆ ಬೆರಳ ತುದಿಯಲ್ಲಿ ಶುರುವಾಗಿ, ಕಾಲುಚೀಲ ಏರಿಸಿದ ಹಾಗೆ ಮೇಲಕ್ಕೆ ಬರುತ್ತದೆ. ಕೆಟ್ಟ ಕಾಲಿಂಗ್ ಬೆಲ್ ಯಾರೂ ಒತ್ತದೆ ಬಡಿದುಕೊಳ್ಳುತ್ತದಲ್ಲ, ಹಾಗೆ ಈ ನರ.

ಮಂಡಿನೋವಿನ ಮಾತ್ರೆಗೆ ಇಲ್ಲಿ ಹೆಚ್ಚು ಕೆಲಸವಿಲ್ಲ. ಅದು ಊತ ಇಳಿಸುವ ಮಾತ್ರೆ. ಸುಮ್ನೆ ನುಂಗುತ್ತಾ ಹೋದರೆ ಕಿಡ್ನಿಗೆ ಪೆಟ್ಟು.

ಡಾಕ್ಟರ್ ಅಮಿಟ್ರಿಪ್ಟಿಲಿನ್ ಬರೆದರು. ಅದು ಖಿನ್ನತೆಯ ಮಾತ್ರೆ ಅಂತ ಗೊತ್ತಾದಾಗ ಅತ್ತೆ, "ನನಗೇನು ತಲೆ ಕೆಟ್ಟಿದೆಯಾ?" ಅಂತ ಅದನ್ನು ಡಬ್ಬಿಗೆ ಹಾಕಿ ಮುಚ್ಚಿಟ್ಟರು. ತಪ್ಪೇನಿಲ್ಲ, ಯಾರೂ ಅವರಿಗೆ ಬಿಡಿಸಿ ಹೇಳಿರಲಿಲ್ಲ. ನೋವಿನ ಸುದ್ದಿಯನ್ನು ಬೆನ್ನುಹುರಿಯಲ್ಲೇ ತಡೆಯುವ ಒಂದು ವ್ಯವಸ್ಥೆ ನಮ್ಮ ಮಿದುಳಿಗಿದೆ. ಆ ತಡೆಗೆ ಈ ಮಾತ್ರೆ ಬಲ ಕೊಡುತ್ತದೆ. ಡುಲೋಕ್ಸೆಟಿನ್ ಕೂಡ ಹಾಗೆಯೇ. ಮೂರ್ಛೆರೋಗಕ್ಕೂ ಕೊಡುವ ಪ್ರಿಗ್ಯಾಬಲಿನ್, ನರದ ಗಲಾಟೆಯನ್ನೇ ತಗ್ಗಿಸುತ್ತದೆ. 2022ರಲ್ಲಿ ಪ್ರಕಟವಾದ ಬ್ರಿಟನ್ನಿನ ಪ್ರಯೋಗವೊಂದರಲ್ಲಿ ಮೂರರಲ್ಲಿ ಯಾವುದರಿಂದ ಶುರು ಮಾಡಿದರೂ ಆರಾಮ ಹೆಚ್ಚುಕಡಿಮೆ ಒಂದೇ. ಒಂದೇ ಮಾತ್ರೆ ಸಾಕಾಗದವರಿಗೆ ಇನ್ನೊಂದನ್ನು ಜೊತೆಗೆ ಕೊಟ್ಟಾಗ ಅನುಕೂಲವಾಯಿತು. ನೋವು ಅರ್ಧ ಇಳಿದರೆ ಗೆದ್ದ ಲೆಕ್ಕ. ಮಂಪರು, ತಲೆಸುತ್ತು ಬರಬಹುದು. ಅದಕ್ಕೇ ಕಡಿಮೆ ಡೋಸ್‌ನಿಂದ ಶುರು, ವಾರಗಟ್ಟಲೆ ತಾಳ್ಮೆ.

ಇನ್ನು ಮೆಣಸಿನಕಾಯಿ! ಅದರ ಖಾರ, ಅಂದರೆ ಕ್ಯಾಪ್ಸೈಸಿನ್, ನರದ ತುದಿಯಲ್ಲಿರುವ ಬಿಸಿ ಗುರುತಿಸುವ ಬಾಗಿಲನ್ನೇ ತೆರೆಯುತ್ತದೆ. ಆ ಬಾಗಿಲನ್ನು 1997ರಲ್ಲಿ ಪತ್ತೆ ಮಾಡಿದ ಡೇವಿಡ್ ಜೂಲಿಯಸ್ 2021ರ ನೊಬೆಲ್ ಹಂಚಿಕೊಂಡರು. ಖಾರ ಅತಿಯಾದರೆ ನರದ ತುದಿ ಕೆಲವು ತಿಂಗಳು ಸುಮ್ಮನಾಗುತ್ತದೆ. ಶೇ. 8ರಷ್ಟು ಕ್ಯಾಪ್ಸೈಸಿನ್ ಇರುವ ಪಟ್ಟಿಗೆ ಶುಗರ್‌ನವರ ಪಾದನೋವಿಗೆಂದು ಅಮೆರಿಕ 2020ರಲ್ಲಿ ಒಪ್ಪಿಗೆ ಕೊಟ್ಟಿತು. ಆಸ್ಪತ್ರೆಯಲ್ಲಿ 30 ನಿಮಿಷ ಅಂಟಿಸಿ ತೆಗೆಯುತ್ತಾರೆ. ಮನೆಯಲ್ಲಿ ಖಾರದಪುಡಿ ಕಲಸಿ ಹಚ್ಚೀರಿ, ಜೋಕೆ!

ಶುಗರ್‌ಗೆ ಕೊಡುವ ಮೆಟ್‌ಫಾರ್ಮಿನ್ ಮಾತ್ರೆ ಬಹಳ ವರ್ಷ ತಗೊಂಡವರಲ್ಲಿ ವಿಟಮಿನ್ ಬಿ12 ಕಡಿಮೆಯಾಗಿಯೂ ಜೋಮು ಬರಬಹುದು. ಒಂದು ರಕ್ತಪರೀಕ್ಷೆ ಸಾಕು.

ಕೊನೆಗೆ ಅತ್ತೆ ಮಾತ್ರೆ ಶುರು ಮಾಡಿದರು. ಒಂದು ದಿನ "ಉರಿ ಪೂರ್ತಿ ಹೋಯ್ತು" ಅಂತ ಖುಷಿಯಿಂದ ಹೇಳಿದರು. ಡಾಕ್ಟರ್ ನಗಲಿಲ್ಲ. ಸ್ಪರ್ಶ ತಿಳಿಯುತ್ತದೆಯೇ ಅಂತ ನೋಡಲು ಕಣ್ಣು ಮುಚ್ಚಿಸಿ, 10 ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆಯನ್ನು ಹೆಬ್ಬೆರಳಿಗೆ ಒತ್ತಿದರು. ಇನ್ನೊಮ್ಮೆ ಒತ್ತಿದರು. ಅತ್ತೆ ಕಣ್ಣು ಮುಚ್ಚಿಕೊಂಡೇ ಕೇಳಿದರು: "ಯಾವಾಗ ಶುರು ಮಾಡ್ತೀರಿ ಡಾಕ್ಟ್ರೇ?"