ಲಾಗ್ ಫೈಲ್ ಅಳಿಸಿಬಿಡಬಹುದಾ?

ಈ ಪ್ರಶ್ನೆ ಮತ್ತೆ ಬಂದಿದೆ. ಬೇರೆ ಬೇರೆ ಊರಿನಿಂದ, ಬೇರೆ ಬೇರೆ ಮಾತಿನಲ್ಲಿ ಬರುತ್ತದೆ, ಆದರೆ ಕೇಳೋದು ಒಂದನ್ನೇ. ಈ ಸಲ ಬಂದದ್ದು ಹೀಗಿದೆ:

"ಸಾರ್, ನಮ್ಮಲ್ಲಿ ಎಕ್ಸ್‌ಚೇಂಜ್ 2016 ಮೇಲ್ ಸರ್ವರ್ ಇದೆ. ಸುಮಾರು 150 ಮೇಲ್‌ಬಾಕ್ಸ್. ಹೋದ ವಾರದಿಂದ ಡ್ರೈವ್ ದಿನಕ್ಕೆ 40 ಜಿಬಿಯಂತೆ ತುಂಬುತ್ತಿದೆ. ನೋಡಿದರೆ ಎಲ್ಲಾ ಲಾಗ್ ಫೈಲ್‌ಗಳೇ. ಅಷ್ಟೊಂದು ಮೇಲ್ ಬರುತ್ತಿಲ್ಲ. ಹಳೇ ಲಾಗ್‌ಗಳನ್ನು ಡಿಲೀಟ್ ಮಾಡಬಹುದಾ? ಗೆಳೆಯರೊಬ್ಬರು ಏನೂ ಆಗಲ್ಲ ಅಂತಾರೆ."

ಬೇಡ. ದಯವಿಟ್ಟು ಮಾಡಬೇಡಿ. ಡ್ರೈವ್ ಯಾಕೆ ತುಂಬುತ್ತಿದೆ ಅನ್ನೋದನ್ನು ಆಮೇಲೆ ಹೇಳುತ್ತೇನೆ. ಮೊದಲು ಆ ಗೆಳೆಯರ ಮಾತನ್ನು ತೆಗೆದುಕೊಳ್ಳುತ್ತೇನೆ. ಯಾಕಂದ್ರೆ ಸರ್ವರ್ ಹಾಳಾಗೋದು ಲಾಗ್ ಜಾಸ್ತಿ ಆಗಿದ್ದಕ್ಕಲ್ಲ, ಈ ಮಾತು ನಂಬಿದ್ದಕ್ಕೆ.

ತಪ್ಪು ಹುಟ್ಟೋದು 'ಲಾಗ್' ಅನ್ನೋ ಹೆಸರಿನಲ್ಲಿ. ಕಂಪ್ಯೂಟರ್ ಕೆಲಸ ಮಾಡುವವರಿಗೆ ಲಾಗ್ ಅಂದರೆ ಏನು ಆಯಿತು ಅಂತ ಬರೆದಿಟ್ಟ ಟೆಕ್ಸ್ಟ್ ಫೈಲ್. ಯಾರು ಯಾವಾಗ ಬಂದರು, ಯಾವ ಎರರ್ ಬಂತು, ಅಷ್ಟೇ. ಹಳೆಯದಾದರೆ ತೆಗೆದು ಬಿಸಾಕಬಹುದು. ಎಕ್ಸ್‌ಚೇಂಜ್‌ನ ಟ್ರಾನ್ಸಾಕ್ಷನ್ ಲಾಗ್ ಈ ಜಾತಿಯದ್ದೇ ಅಲ್ಲ.

ಹಳೇ ಕಾಲದ ಅಂಗಡಿಯ ಲೆಕ್ಕ ನೆನಪು ಮಾಡಿಕೊಳ್ಳಿ. ದಿನವಿಡೀ ನಡೆದ ವ್ಯಾಪಾರವನ್ನು ನಡೆದ ಹಾಗೇ ಸಾಲಾಗಿ ಕಿರ್ದಿಯಲ್ಲಿ ಬರೆಯುತ್ತಿದ್ದರು. ಗಿರಾಕಿ ಎದುರಿಗೆ ನಿಂತಿರುವಾಗ ದಪ್ಪ ಖಾತೆ ಪುಸ್ತಕ ತೆಗೆದು ಅವನ ಪುಟ ಹುಡುಕುತ್ತಾ ಕೂರೋಕಾಗುತ್ತಾ? ಕಿರ್ದಿಯಲ್ಲಿ ಒಂದು ಸಾಲು ಬಿದ್ದರೆ ಆಯಿತು. ಬಿಡುವಾದಾಗ ಕಿರ್ದಿ ನೋಡಿಕೊಂಡು ಒಬ್ಬೊಬ್ಬರ ಲೆಕ್ಕವನ್ನೂ ಖಾತೆಗೆ ಏರಿಸುತ್ತಿದ್ದರು. ಎಕ್ಸ್‌ಚೇಂಜ್ ಮಾಡೋದು ಇದನ್ನೇ. ಲಾಗ್ ಫೈಲ್ ಕಿರ್ದಿ. ಇಡಿಬಿ ಫೈಲ್, ಅಂದರೆ ಡೇಟಾಬೇಸ್, ಖಾತೆ ಪುಸ್ತಕ. ಒಂದು ಮೇಲ್ ಬಂದರೆ ಅದು ಮೊದಲು ಲಾಗ್‌ನಲ್ಲಿ ಗಟ್ಟಿಯಾಗಿ ಬರೆದಾಗುತ್ತದೆ. ಇಡಿಬಿಗೆ ಏರೋದು ಸ್ವಲ್ಪ ತಡವಾಗಿ. ಎಲ್ಲಿಯವರೆಗೆ ಏರಿಸಿ ಆಗಿದೆ ಅನ್ನೋ ಗುರುತು ಚೆಕ್‌ಪಾಯಿಂಟ್ ಫೈಲ್‌ನಲ್ಲಿ ಇರುತ್ತದೆ.

ಹಾಗಾದರೆ ಖಾತೆಗೆ ಏರಿಸಿ ಆದ ಮೇಲೆ ಕಿರ್ದಿ ಯಾಕೆ ಬೇಕು ಅಂತ ಕೇಳುತ್ತೀರಿ. ಒಳ್ಳೆಯ ಪ್ರಶ್ನೆ, ಕೇಳಲೇಬೇಕಾದ ಪ್ರಶ್ನೆ. ಖಾತೆ ಪುಸ್ತಕಕ್ಕೇ ಬೆಂಕಿ ಬಿತ್ತು ಅಂದುಕೊಳ್ಳಿ. ನಿಮ್ಮ ಹತ್ತಿರ ಬುಧವಾರದ ನಕಲು ಇದೆ. ಇವತ್ತು ಶನಿವಾರ. ಬುಧವಾರದಿಂದ ಇಲ್ಲಿಯವರೆಗಿನ ಕಿರ್ದಿ ಕೈಯಲ್ಲಿದ್ದರೆ, ಆ ನಕಲಿನ ಮೇಲೆ ಒಂದೊಂದೇ ಸಾಲು ಏರಿಸಿ ಪುಸ್ತಕವನ್ನು ಶನಿವಾರಕ್ಕೆ ತಂದು ನಿಲ್ಲಿಸಬಹುದು. ಕಿರ್ದಿ ಇಲ್ಲದಿದ್ದರೆ ಬುಧವಾರಕ್ಕೇ ಮುಗಿಯಿತು. ನಡುವೆ ಒಂದು ಹಾಳೆ ಕಿತ್ತು ಹೋಗಿದ್ದರೂ ಅಷ್ಟೇ, ಲೆಕ್ಕ ಆ ಹಾಳೆಯ ಹಿಂದೆಯೇ ನಿಲ್ಲುತ್ತದೆ. ಎಕ್ಸ್‌ಚೇಂಜ್ ಸಾಲಾಗಿ ನಂಬರ್ ಹಾಕಿದ ಲಾಗ್ ಫೈಲ್‌ಗಳಲ್ಲಿ ಒಂದನ್ನು ಬಿಟ್ಟು ಮುಂದಿನದಕ್ಕೆ ಹೋಗುವುದಿಲ್ಲ.

ಇನ್ನು ಗೆಳೆಯರು 'ಏನೂ ಆಗಲ್ಲ' ಅನ್ನೋದು ಯಾಕೆ? ಅವರು ಸುಳ್ಳು ಹೇಳುತ್ತಿಲ್ಲ. ಅವರು ಅಳಿಸಿದ ದಿನ ನಿಜವಾಗಿ ಏನೂ ಆಗಿರಲಿಲ್ಲ. ಒಂದೇ ಸರ್ವರ್ ಇರುವ ಕಡೆ ಚೆಕ್‌ಪಾಯಿಂಟ್ ಸಾಮಾನ್ಯವಾಗಿ ಸುಮಾರು 20 ಎಂಬಿ ಮಾತ್ರ ಹಿಂದೆ ಇರುತ್ತದೆ. 2007ರ ಆವೃತ್ತಿಯಿಂದ ಒಂದೊಂದು ಲಾಗ್ ಫೈಲ್ 1 ಎಂಬಿ. ಅಂದರೆ ಓಡುತ್ತಿರುವ ಡೇಟಾಬೇಸ್‌ಗೆ ಆ ಕ್ಷಣಕ್ಕೆ ಬೇಕಾಗಿರೋದು ಕೊನೆಯ ಕೆಲವೇ ಕೆಲವು ಫೈಲ್. ಹಿಂದಿನ ಮೂವತ್ತು ಸಾವಿರ ಅಳಿಸಿದರೂ ಮೇಲ್ ಬರುತ್ತದೆ, ಹೋಗುತ್ತದೆ, ಡ್ರೈವ್‌ನಲ್ಲಿ ಜಾಗ ಕಾಣುತ್ತದೆ. ಎಲ್ಲರಿಗೂ ಖುಷಿ. ಆದರೆ ಹಿಂದಿನ ಬ್ಯಾಕಪ್‌ಗೂ ಇವತ್ತಿಗೂ ಇದ್ದ ಕೊಂಡಿ ಆ ಹೊತ್ತಿಗೆ ಕಡಿದುಹೋಗಿರುತ್ತದೆ. ಮುಂದಿನ ಫುಲ್ ಬ್ಯಾಕಪ್ ಆಗೋವರೆಗೆ ನೀವು ಬಲೆ ಇಲ್ಲದೆ ಹಗ್ಗದ ಮೇಲೆ ನಡೆಯುತ್ತಿದ್ದೀರಿ, ಅದು ನಿಮಗೆ ಗೊತ್ತೂ ಇರೋದಿಲ್ಲ.

ನಾನು ಕಣ್ಣಾರೆ ನೋಡಿದ್ದು ಒಂದು ಹೇಳುತ್ತೇನೆ. ಒಂದು ಕಚೇರಿ, ಹೆಸರು ಬೇಡ. ಶನಿವಾರ ಡ್ರೈವ್ ಪೂರ್ತಿ ತುಂಬಿ ಡೇಟಾಬೇಸ್ ತಾನಾಗಿಯೇ ನಿಂತಿತು. ಅಲ್ಲಿದ್ದ ಹುಡುಗ ಸರ್ವಿಸ್ ನಿಲ್ಲಿಸಿ, ಲಾಗ್ ಫೋಲ್ಡರ್‌ನಲ್ಲಿದ್ದದ್ದನ್ನೆಲ್ಲಾ ಆಯ್ದು ಶಿಫ್ಟ್ ಡಿಲೀಟ್ ಒತ್ತಿದ. ಜಾಗ ಬಂತು. ಡೇಟಾಬೇಸ್ ಮಾತ್ರ ಮೌಂಟ್ ಆಗಲಿಲ್ಲ, ಅಂದರೆ ತೆರೆದುಕೊಳ್ಳಲಿಲ್ಲ. ಎಸೆಯುಟಿಲ್ (ಎಕ್ಸ್‌ಚೇಂಜ್ ಡೇಟಾಬೇಸ್ ಪರೀಕ್ಷಿಸುವ, ರಿಪೇರಿ ಮಾಡುವ ಸಾಧನ) ಹಾಕಿ ಡೇಟಾಬೇಸ್‌ನ ಹೆಡರ್ ನೋಡಿದರೆ ಡರ್ಟಿ ಶಟ್‌ಡೌನ್, ಅಂದರೆ ಕಿರ್ದಿಯಿಂದ ಖಾತೆಗೆ ಏರಿಸೋದು ಬಾಕಿ ಇರುವಾಗಲೇ ನಿಂತಿದೆ. ಯಾವ ಲಾಗ್ ಬೇಕು ಅಂತ ನಂಬರ್ ಸಮೇತ ಅದರಲ್ಲೇ ಬರೆದಿತ್ತು, ಆದರೆ ಆ ಫೈಲ್‌ಗಳೇ ಇರಲಿಲ್ಲ. ಬ್ಯಾಕಪ್ ಬುಧವಾರದ್ದು. ಬುಧವಾರಕ್ಕೇ ಹಿಂದೆ ಹೋದೆವು. ಗುರುವಾರ ಬಂದಿದ್ದ ಒಂದು ಆರ್ಡರ್ ಮೇಲ್‌ಗಾಗಿ ಅಕೌಂಟ್ಸ್‌ನ ಮೇಡಂ ಒಬ್ಬರು ಸೋಮವಾರ ಪೂರ್ತಿ ನನ್ನ ಪಕ್ಕದಲ್ಲೇ ಕೂತಿದ್ದರು. ಅವರಿಗೆ ಕೊಡೋಕೆ ನನ್ನ ಹತ್ತಿರ ಏನೂ ಇರಲಿಲ್ಲ. ಲಾಗ್‌ಗಳನ್ನು ಬೇರೆ ಡ್ರೈವ್‌ಗೆ ಸುಮ್ನೆ ಮೂವ್ ಮಾಡಿದ್ದರೂ ಸಾಕಿತ್ತು, ಆ ಮೂರು ದಿನ ಪೂರ್ತಿ ವಾಪಸ್ ಬರುತ್ತಿತ್ತು.

ಇಂಥ ಸಮಯದಲ್ಲಿ ಕೆಲವರು ಎಸೆಯುಟಿಲ್‌ನ ರಿಪೇರಿ ಸ್ವಿಚ್ ಹಾಕುತ್ತಾರೆ. ಅರ್ಥವಾಗದ ಪುಟಗಳನ್ನು ಅದು ಕಿತ್ತು ಬಿಸಾಕುತ್ತದೆ, ಅದರ ಜೊತೆ ಮೇಲ್ ಕೂಡ ಹೋಗಬಹುದು. ಬೇರೆ ಯಾವ ದಾರಿಯೂ ಇಲ್ಲದಾಗ ಮಾತ್ರ ಅದು. ಹಾಗೆ ರಿಪೇರಿ ಮಾಡಿದ ಡೇಟಾಬೇಸ್‌ನಿಂದಲೂ ಮೇಲ್‌ಬಾಕ್ಸ್‌ಗಳನ್ನು ಹೊಸದಕ್ಕೆ ಸಾಗಿಸಿಬಿಡಬೇಕು.

ಸರಿ, ಡ್ರೈವ್ ಈಗಲೇ ತುಂಬುತ್ತಿದೆ, ಏನು ಮಾಡೋದು? ಅಳಿಸಬಹುದಾದ ಲಾಗ್‌ಗಳೂ ಅದೇ ಸರ್ವರ್‌ನಲ್ಲಿವೆ. ಐಐಎಸ್ ವೆಬ್ ಸರ್ವರ್‌ನ ಲಾಗ್‌ಗಳು ಇನೆಟ್‌ಪಬ್ ಫೋಲ್ಡರ್ ಒಳಗೆ ಇರುತ್ತವೆ. ಎಕ್ಸ್‌ಚೇಂಜ್ ಇನ್‌ಸ್ಟಾಲ್ ಆದ ಜಾಗದಲ್ಲಿ ಲಾಗಿಂಗ್ ಅನ್ನೋ ಫೋಲ್ಡರ್ ಇದೆ. 2013ರಿಂದ ಈಚೆಗೆ ಇವು ಎಷ್ಟೋ ಜಿಬಿಗೆ ಬೆಳೆಯುತ್ತವೆ. ಇವು ನಿಜವಾದ ಟೆಕ್ಸ್ಟ್ ಲಾಗ್‌ಗಳು. ಎರಡು ವಾರಕ್ಕಿಂತ ಹಳೆಯದನ್ನು ತೆಗೆದರೆ ಡೇಟಾಬೇಸ್‌ಗೆ ಏನೂ ಆಗಲ್ಲ. ಸಿ ಡ್ರೈವ್ ತುಂಬಿದ್ದರೆ ಬಹಳ ಸಲ ಕಾರಣ ಇದೇ. ಟ್ರಾನ್ಸಾಕ್ಷನ್ ಲಾಗ್ ಇರುವ ಡ್ರೈವ್ ತುಂಬಿದ್ದರೆ ಡಿಸ್ಕ್ ದೊಡ್ಡದು ಮಾಡಿಸಿ. ಅದೂ ಆಗದಿದ್ದರೆ ಫುಲ್ ಬ್ಯಾಕಪ್ ತೆಗೆಯಿರಿ.

ಇಲ್ಲಿಂದ ನಿಮ್ಮ ನಿಜವಾದ ತೊಂದರೆಗೆ ಬರೋಣ. ಕೆರೆ ತುಂಬಿ ಏರಿ ಒಡೆಯೋ ಹಾಗಾದರೆ ಎರಡು ಕಡೆ ನೋಡಬೇಕು. ನೀರು ಜಾಸ್ತಿ ಬರುತ್ತಿದೆಯಾ, ಇಲ್ಲಾ ತೂಬು ಮುಚ್ಚಿಕೊಂಡಿದೆಯಾ? ಜನ ಯಾವಾಗಲೂ ನೀರು ಬರುವ ಕಡೆ ಓಡುತ್ತಾರೆ. ನಾನು ಮೊದಲು ತೂಬು ನೋಡುತ್ತೇನೆ.

ಲಾಗ್‌ಗಳ ತೂಬು ಅಂದರೆ ಬ್ಯಾಕಪ್. ಎಕ್ಸ್‌ಚೇಂಜ್‌ಗೆ ಗೊತ್ತಾಗುವ ಹಾಗೆ ಒಂದು ಫುಲ್ ಬ್ಯಾಕಪ್ ಸರಿಯಾಗಿ ಮುಗಿದರೆ, ಇನ್ನು ಬೇಡವಾದ ಲಾಗ್‌ಗಳನ್ನು ಅದೇ ತೆಗೆಯುತ್ತದೆ. ನಾವು ಕೈ ಹಾಕೋದೇ ಬೇಡ. ಗೆಟ್-ಮೇಲ್‌ಬಾಕ್ಸ್‌ಡೇಟಾಬೇಸ್ ಕಮಾಂಡ್‌ಗೆ ಸ್ಟೇಟಸ್ ಸೇರಿಸಿ ಕೊನೆಯ ಫುಲ್ ಬ್ಯಾಕಪ್ ಯಾವಾಗ ಆಯಿತು ನೋಡಿ. ಅಲ್ಲಿ ಖಾಲಿ ಇದ್ದರೆ ಅಥವಾ ಹಳೇ ತಾರೀಕು ಇದ್ದರೆ ಉತ್ತರ ಸಿಕ್ಕಿತು. "ದಿನಾ ವಿಎಂ ಬ್ಯಾಕಪ್ ಆಗುತ್ತೆ ಸಾರ್" ಅಂತಾರೆ. ಆಗಬಹುದು. ಆದರೆ ಹೊರಗಿನಿಂದ ಇಡೀ ವರ್ಚುವಲ್ ಮೆಶಿನ್‌ನ ಚಿತ್ರ ತೆಗೆದರೆ ಒಳಗಿರುವ ಎಕ್ಸ್‌ಚೇಂಜ್‌ಗೆ ಅದು ಗೊತ್ತಾಗಬೇಕಲ್ಲ? ಬ್ಯಾಕಪ್ ಸಾಫ್ಟ್‌ವೇರ್‌ನಲ್ಲಿ ಅಪ್ಲಿಕೇಶನ್ ಅವೇರ್ ಅನ್ನೋ ಆಯ್ಕೆ ಹಾಕಿರಬೇಕು. ವಿಂಡೋಸ್ ಸರ್ವರ್ ಬ್ಯಾಕಪ್ ಆದರೆ ಅದರ ಸೆಟ್ಟಿಂಗ್‌ನಲ್ಲಿ ವಿಎಸ್ಎಸ್ (ನಕಲು ತೆಗೆಯುವ ವಿಂಡೋಸ್ ಸೇವೆ) ಫುಲ್ ಆಯ್ದಿರಬೇಕು. ವಿಎಸ್ಎಸ್ ಕಾಪಿ ಆಯ್ದರೆ ನಕಲು ಆಗುತ್ತದೆ, ಲಾಗ್ ಒಂದೂ ಹೋಗಲ್ಲ. ಇವೆಂಟ್ ವ್ಯೂಯರ್‌ನಲ್ಲಿ ಇಎಸ್ಇ (ಎಕ್ಸ್‌ಚೇಂಜ್‌ನ ಡೇಟಾಬೇಸ್ ಎಂಜಿನ್) ಹೆಸರಿನಲ್ಲಿ 224 ನಂಬರಿನ ಸಂದೇಶ ಬಂದಿದ್ದರೆ ಲಾಗ್ ಅಳಿಸುತ್ತಿದೆ ಅಂತ. 225 ಬಂದಿದ್ದರೆ ಅಳಿಸೋಕೆ ಯಾವುದೂ ಸಿಗಲಿಲ್ಲ ಅಂತ. ಈ ಎರಡು ನಂಬರ್ ಬರೆದಿಟ್ಟುಕೊಳ್ಳಿ.

ಎರಡು ಮೂರು ಸರ್ವರ್ ಸೇರಿಸಿ ಡ್ಯಾಗ್, ಅಂದರೆ ಒಂದೇ ಡೇಟಾಬೇಸ್‌ನ ಕಾಪಿಗಳನ್ನು ಹಲವು ಸರ್ವರ್‌ಗಳಲ್ಲಿ ಇಡುವ ಗುಂಪು, ಕಟ್ಟಿದ್ದರೆ ಇನ್ನೊಂದು ತೂಬು ಇದೆ. ಒಂದು ಕಾಪಿ ಕೆಟ್ಟು ಕೂತಿದ್ದರೆ, ಅದಕ್ಕೆ ಬೇಕಾಗುತ್ತೆ ಅಂತ ಉಳಿದ ಸರ್ವರ್‌ಗಳೂ ಲಾಗ್ ಹಿಡಿದಿಟ್ಟುಕೊಳ್ಳುತ್ತವೆ. ಬ್ಯಾಕಪ್ ಸರಿಯಾಗಿದ್ದರೂ ರಾಶಿ ಕರಗೋದಿಲ್ಲ.

ತೂಬು ಸರಿ ಇದೆ, ಆದರೂ ದಿನಕ್ಕೆ 40 ಜಿಬಿ ಅಂದರೆ ಈಗ ನೀರಿನ ಕಡೆ. ಫೈಲ್ ಒಂದಕ್ಕೆ 1 ಎಂಬಿ ಅಲ್ವಾ, ಹಾಗಾಗಿ 40 ಜಿಬಿ ಅಂದರೆ ಸುಮಾರು 41 ಸಾವಿರ ಫೈಲ್. ಇದು ನಮಗೆ ಅನುಕೂಲವೇ. ಫೈಲ್‌ಗಳ ಸಮಯ ನೋಡಿ ಗಂಟೆಗೆ ಎಷ್ಟು ಹುಟ್ಟಿವೆ ಅಂತ ಎಣಿಸಿ. ಕೆಲಸದ ಹೊತ್ತಿನಲ್ಲಿ ಮಾತ್ರ ಜಾಸ್ತಿ ಇದ್ದರೆ ಜನರ ಬಳಕೆ. ರಾತ್ರಿ ಒಂದೇ ಹೊತ್ತಿಗೆ ಜಾಸ್ತಿ ಇದ್ದರೆ ಯಾರೋ ಮೇಲ್‌ಬಾಕ್ಸ್ ಮೂವ್ ಅಥವಾ ಪಿಎಸ್‌ಟಿ (ಔಟ್‌ಲುಕ್ ಮೇಲ್ ಕೂಡಿಡುವ ಫೈಲ್) ಇಂಪೋರ್ಟ್ ಹಾಕಿದ್ದಾರೆ. ಭಾನುವಾರ ಮಧ್ಯರಾತ್ರಿಯೂ ಒಂದೇ ಸಮನೆ ಹುಟ್ಟುತ್ತಿದ್ದರೆ, ಅದು ಮನುಷ್ಯರ ಕೆಲಸ ಅಲ್ಲ.

ಆಮೇಲೆ ಇಡಿಬಿ ಫೈಲ್ ನೋಡಿ. ಲಾಗ್ ಜೊತೆಗೆ ಅದೂ ಬೆಳೆಯುತ್ತಿದ್ದರೆ ನಿಜವಾಗಿ ಏನೋ ಒಳಗೆ ಬರುತ್ತಿದೆ. ಯಾವುದೋ ಅಪ್ಲಿಕೇಶನ್ ಒಂದೇ ಮೇಲ್‌ಬಾಕ್ಸ್‌ಗೆ ಎಚ್ಚರಿಕೆ ಮೇಲ್ ಸುರಿಯುತ್ತಿರಬಹುದು. ಇಡಿಬಿ ಹಾಗೇ ಇದ್ದು ಲಾಗ್ ಮಾತ್ರ ಬೆಳೆಯುತ್ತಿದ್ದರೆ, ಇದ್ದ ಒಂದನ್ನೇ ಯಾರೋ ತಿದ್ದಿ ತಿದ್ದಿ ಬರೆಯುತ್ತಿದ್ದಾರೆ. ನೀವು ಹೇಳೋದು ಕೇಳಿದರೆ ನಿಮ್ಮದು ಇದೇ ಇರಬೇಕು. ಮೇಲ್ ಜಾಸ್ತಿ ಬರುತ್ತಿಲ್ಲ ಅಂತ ನೀವೇ ಬರೆದಿದ್ದೀರಿ.

ಹಾಗೆ ಬರೆಯುವವರು ಸಾಮಾನ್ಯವಾಗಿ ಫೋನ್‌ಗಳು. 2013ರ ಜನವರಿ 28ಕ್ಕೆ ಐಫೋನ್‌ಗೆ ಐಒಎಸ್ 6.1 ಬಂತು. ಅದಾದ ಮೇಲೆ ಎಕ್ಸ್‌ಚೇಂಜ್ ಸರ್ವರ್‌ಗಳ ಲಾಗ್ ಇದ್ದಕ್ಕಿದ್ದ ಹಾಗೆ ಉಬ್ಬಿದವು. ಪ್ರತಿ ವಾರ ನಡೆಯುವ ಮೀಟಿಂಗ್‌ನಲ್ಲಿ ಒಂದು ವಾರದ್ದು ಮಾತ್ರ ಬದಲಾದಾಗ, ಅದಕ್ಕೆ ಫೋನಿನಲ್ಲಿ ಉತ್ತರ ಕೊಟ್ಟರೆ ಫೋನ್ ಮತ್ತೆ ಮತ್ತೆ ಸಿಂಕ್ ಮಾಡುವ ಸುಳಿಯಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಕ್ಯಾಲೆಂಡರ್‌ನ ಒಂದೇ ಒಂದು ಸಾಲು, ಅದಕ್ಕೆ ರಾಶಿ ರಾಶಿ ಲಾಗ್. ಫೆಬ್ರವರಿ 19ಕ್ಕೆ 6.1.2 ಬಂದ ಮೇಲೆ ಸರಿಹೋಯಿತು. ಆ ಫೋನ್‌ಗಳು ಈಗ ಇಲ್ಲ, ಆದರೆ ರೋಗದ ಲಕ್ಷಣ ಇವತ್ತಿಗೂ ಅದೇ. ಒಂದು ಫೋನ್, ಒಂದು ಸಿಆರ್‌ಎಂ (ಗಿರಾಕಿಗಳ ಮಾಹಿತಿ ಇಡುವ) ಸಿಂಕ್ ಸಾಫ್ಟ್‌ವೇರ್, ಔಟ್‌ಲುಕ್‌ನ ಒಂದು ಆಡ್-ಇನ್ ಸಾಕು.

ಹಿಡಿಯೋದು ಕಷ್ಟವಲ್ಲ. ಗೆಟ್-ಸ್ಟೋರ್‌ಯೂಸೇಜ್‌ಸ್ಟ್ಯಾಟಿಸ್ಟಿಕ್ಸ್ ಕಮಾಂಡ್ ಕೊಟ್ಟು, ಲಾಗ್ ಬೈಟ್ಸ್ ಪ್ರಕಾರ ಜೋಡಿಸಿ. ಯಾವ ಮೇಲ್‌ಬಾಕ್ಸ್ ಎಷ್ಟು ಲಾಗ್ ಹುಟ್ಟಿಸುತ್ತಿದೆ ಅಂತ ಮೇಲಿಂದ ಕೆಳಗೆ ಬರುತ್ತದೆ. ಒಂದು ಹೆಸರು ಉಳಿದವರಿಗಿಂತ ಎಷ್ಟೋ ಪಟ್ಟು ಮೇಲೆ ನಿಂತಿದ್ದರೆ ಅವರ ಆಕ್ಟಿವ್‌ಸಿಂಕ್ (ಫೋನ್‌ಗೆ ಮೇಲ್ ಸಿಂಕ್ ಆಗುವ ದಾರಿ) ಅನ್ನು ಒಂದು ಗಂಟೆ ನಿಲ್ಲಿಸಿ ನೋಡಿ. ಲಾಗ್ ಇಳಿದರೆ ಫೋನೇ. ಅಕೌಂಟ್ ತೆಗೆದು ಮತ್ತೆ ಹಾಕಿಸಿ. ಇಳಿಯದಿದ್ದರೆ ಅವರ ಔಟ್‌ಲುಕ್ ಮುಚ್ಚಿಸಿ ನೋಡಿ. ಯಾರಿಗೂ ಬಯ್ಯಬೇಡಿ, ಅವರ ಫೋನ್ ಏನು ಮಾಡುತ್ತಿದೆ ಅಂತ ಅವರಿಗೆ ಗೊತ್ತೇ ಇರಲ್ಲ.

ಸರ್ಕ್ಯುಲರ್ ಲಾಗಿಂಗ್ ಆನ್ ಮಾಡಿದರೆ ಆಗಲ್ವಾ ಅಂತ ಕೆಲವರು ಕೇಳುತ್ತಾರೆ. ಆಗುತ್ತೆ, ಖಾತೆಗೆ ಏರಿಸಿ ಆದ ಲಾಗ್ ತಾನಾಗಿಯೇ ಹೋಗುತ್ತದೆ. ಜೊತೆಗೆ ಬ್ಯಾಕಪ್ ಆದ ಮೇಲಿನ ಮೇಲ್ ವಾಪಸ್ ತರುವ ದಾರಿಯೂ ಹೋಗುತ್ತದೆ. ದೊಡ್ಡ ಮೈಗ್ರೇಶನ್ ನಡೆಯುವ ಎರಡು ದಿನ ಹಾಕಿ, ಮುಗಿದ ತಕ್ಷಣ ತೆಗೆದು, ಫುಲ್ ಬ್ಯಾಕಪ್ ಮಾಡಿ.

ಇನ್ನೊಂದು ವಿಷಯ. ನೀವು ಕೇಳಿಲ್ಲ, ಆದರೆ ಮುಂದಿನ ವಾರ ಕೇಳುತ್ತೀರಿ. ಜಾಗ ಇಲ್ಲ ಅಂತ ಎಲ್ಲರಿಗೂ ಹಳೇ ಮೇಲ್ ಅಳಿಸೋಕೆ ಹೇಳುತ್ತೀರಿ. ಅಳಿಸುತ್ತಾರೆ. ಇಡಿಬಿ ಒಂದು ಎಂಬಿಯೂ ಕಮ್ಮಿಯಾಗಲ್ಲ, ಲಾಗ್ ಇನ್ನೂ ಜಾಸ್ತಿಯಾಗುತ್ತದೆ! ಅಳಿಸೋದೂ ಒಂದು ವ್ಯವಹಾರವೇ, ಅದನ್ನೂ ಕಿರ್ದಿಯಲ್ಲಿ ಬರೆಯಲೇಬೇಕು. ಅಳಿಸಿದ ಮೇಲ್ ತಕ್ಷಣ ಹೋಗೋದೂ ಇಲ್ಲ. ಸೆಟ್ಟಿಂಗ್ ಬದಲಿಸದಿದ್ದರೆ 14 ದಿನ ರಿಕವರಬಲ್ ಐಟಮ್ಸ್ ಅನ್ನೋ ಫೋಲ್ಡರ್‌ನಲ್ಲಿ ಕೂತಿರುತ್ತದೆ. ಅದಾದ ಮೇಲೆ ಇಡಿಬಿಯಲ್ಲಿ ಆ ಮೇಲ್ ಇದ್ದ ಪುಟಗಳು ಖಾಲಿಯಾಗುತ್ತವೆ, ಫೈಲ್ ಮಾತ್ರ ಅಷ್ಟೇ ದೊಡ್ಡದಿರುತ್ತದೆ. ಹೊಸ ಮೇಲ್ ಬಂದಾಗ ಮೊದಲು ಆ ಖಾಲಿ ಪುಟಗಳು ತುಂಬುತ್ತವೆ, ಹಾಗಾಗಿ ಕೆಲವು ಕಾಲ ಫೈಲ್ ಬೆಳೆಯೋದೂ ಇಲ್ಲ. ಎಷ್ಟು ಖಾಲಿ ಇದೆ ಅನ್ನೋದನ್ನು ಅದೇ ಗೆಟ್-ಮೇಲ್‌ಬಾಕ್ಸ್‌ಡೇಟಾಬೇಸ್ ಕಮಾಂಡ್‌ನ ಅವೈಲಬಲ್ ನ್ಯೂ ಮೇಲ್‌ಬಾಕ್ಸ್ ಸ್ಪೇಸ್ ಅನ್ನೋ ಸಾಲು ತೋರಿಸುತ್ತದೆ.

ಫೈಲೇ ಚಿಕ್ಕದಾಗಬೇಕು ಅಂದರೆ ಎಸೆಯುಟಿಲ್ ಡಿಫ್ರ್ಯಾಗ್ ಇದೆ. ಆದರೆ ಡೇಟಾಬೇಸ್ ಅಷ್ಟು ಹೊತ್ತೂ ನಿಲ್ಲಿಸಬೇಕು, ಡೇಟಾಬೇಸ್‌ನ ಶೇಕಡಾ 110ರಷ್ಟು ಖಾಲಿ ಜಾಗ ಬೇಕು. ಜಾಗ ಇಲ್ಲದೇ ತಾನೇ ಈ ಕೆಲಸಕ್ಕೆ ಇಳಿದದ್ದು? ನಾನು ಹೇಳೋದು, ಇನ್ನೊಂದು ಡ್ರೈವ್‌ನಲ್ಲಿ ಹೊಸ ಡೇಟಾಬೇಸ್ ಮಾಡಿ ಮೇಲ್‌ಬಾಕ್ಸ್‌ಗಳನ್ನು ಅಲ್ಲಿಗೆ ಮೂವ್ ಮಾಡಿ. ಜನ ಕೆಲಸ ಮಾಡುತ್ತಿರುವಾಗಲೇ ಆಗುತ್ತದೆ. ಒಂದೇ ಸಲ 150 ಮೂವ್ ಮಾಡಬೇಡಿ. ಎಷ್ಟು ಜಿಬಿ ಸಾಗುತ್ತದೋ ಹೊಸ ಕಡೆ ಹೆಚ್ಚುಕಮ್ಮಿ ಅಷ್ಟೇ ಲಾಗ್ ಹುಟ್ಟುತ್ತದೆ. ಹತ್ತು ಹದಿನೈದು ಮೇಲ್‌ಬಾಕ್ಸ್ ಮೂವ್ ಮಾಡಿ, ಒಂದು ಬ್ಯಾಕಪ್ ತೆಗೆದು, ಮತ್ತೆ ಮುಂದಿನ ಕಂತು.

ಎಲ್ಲಾ ಸಾಗಿಸಿ ಆದ ಮೇಲೆ, ಆರ್ಬಿಟ್ರೇಶನ್ ಮೇಲ್‌ಬಾಕ್ಸ್‌ಗಳನ್ನೂ (ಎಕ್ಸ್‌ಚೇಂಜ್ ತನ್ನ ಒಳಗಿನ ಕೆಲಸಕ್ಕೆ ಇಟ್ಟುಕೊಂಡವು) ಮರೆಯದೆ ಸಾಗಿಸಿ, ಹಳೇ ಡೇಟಾಬೇಸ್ ಅನ್ನು ಎಕ್ಸ್‌ಚೇಂಜ್‌ನಿಂದ ತೆಗೆಯಿರಿ. ಕಮಾಂಡ್ ಕೊಟ್ಟರೂ ಹಳೇ ಇಡಿಬಿ ಮತ್ತು ಅದರ ಲಾಗ್‌ಗಳು ಡಿಸ್ಕ್‌ನಲ್ಲೇ ಉಳಿಯುತ್ತವೆ. ಹೊಸ ಡೇಟಾಬೇಸ್‌ನ ಫುಲ್ ಬ್ಯಾಕಪ್ ಆಗಿದೆ ಅಂತ ನೋಡಿಕೊಂಡು, ಆ ಹಳೇ ಫೋಲ್ಡರ್ ಅನ್ನು ನೀವೇ ಕೈಯಾರೆ ಅಳಿಸಿ. ಅಲ್ಲಿ ಅಳಿಸಬಹುದು.